ಐರ್ಲೆಂಡಿಗೆ ಒಂದು ವಾರದ ಅಧ್ಯಯನ ಪ್ರವಾಸ: ವಿದ್ಯಾರ್ಥಿಗಳಿಗೆ ಏನನ್ನು ತೋರಿಸಬೇಕು?

ಪ್ರಶ್ನೆ: ಅರ್ಥಶಾಸ್ತ್ರ ಉಪನ್ಯಾಸಕಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಸ್ನಾತಕೋತ್ತರ ಅರ್ಥಶಾಸ್ತ್ರ ವಿಭಾಗದ ವಿದ್ಯಾರ್ಥಿಗಳನ್ನು ಬರುವ ಮೇ ತಿಂಗಳಿನಲ್ಲಿ ಒಂದು ವಾರದ ಮಟ್ಟಿಗೆ ಐರ್ಲೆಂಡಿಗೆ ಕರೆದೊಯ್ಯುವ ಸಿದ್ಧತೆ ನಡೆದಿದೆ. ಪರರ ಆಳ್ವಿಕೆ, ಕ್ಷಾಮ, ದೇಶವಿಭಜನೆ ಇವನ್ನೆಲ್ಲ ಕಂಡ ಒಂದು ಸಣ್ಣ ಕೃಷಿಪ್ರಧಾನ ದೇಶವು ಕೆಲವೇ ದಶಕಗಳಲ್ಲಿ ಯುರೋಪಿನ ಸಿರಿವಂತ ರಾಷ್ಟ್ರಗಳ ಸಾಲಿಗೆ ಸೇರಿದ ಕತೆಯನ್ನು ಅವರು ಪಠ್ಯದಲ್ಲಿ ಓದಿದ್ದಾರೆ. ಅದನ್ನು ನೆಲದ ಮೇಲೆ ನಿಂತು ನೋಡಲಿ ಎಂಬುದು ನಮ್ಮ ಆಸೆ.

ಪ್ರವಾಸದ ವ್ಯವಸ್ಥೆ ವಹಿಸಿಕೊಂಡವರು ಕಳುಹಿಸಿರುವ ಕರಡಿನಲ್ಲಿ ಮೊದಲರ್ಧ ‘ಸಂಸ್ಕೃತಿ’ಗೆ ಮೀಸಲಾಗಿದೆ: ಟ್ರಿನಿಟಿ ಕಾಲೇಜಿನ ಗ್ರಂಥಾಲಯ, ಮೊಹೆರ್ ಕಡಲಂಚಿನ ಬಂಡೆಗಳು, ಒಂದು ಸಂಜೆಯ ನೃತ್ಯ ಪ್ರದರ್ಶನ. ಉಳಿದರ್ಧ ‘ಆರ್ಥಿಕತೆ’ಗೆ, ಅಂದರೆ ಡಬ್ಲಿನ್‌ನ ತಂತ್ರಜ್ಞಾನ ಕಂಪನಿಗಳ ಕಚೇರಿ ಭೇಟಿಗೆ. ಅಂಥ ಕಚೇರಿಗಳನ್ನು ನಮ್ಮ ಹುಡುಗರು ಬೆಂಗಳೂರಿನಲ್ಲೇ ಕಾಣುತ್ತಾರೆ. ಆ ದೇಶವನ್ನು ಬಲ್ಲವರು ಇದಕ್ಕಿಂತ ಅರ್ಥವತ್ತಾದ ದಾರಿಯನ್ನು ಸೂಚಿಸಬೇಕೆಂದು ಕೋರುತ್ತೇನೆ.

ಉತ್ತರ 1: ಡಬ್ಲಿನ್ ನಿವಾಸಿ, ಮೂಲತಃ ಹಾಸನದವನು

ನಮಸ್ಕಾರ ಮೇಡಂ. ಸಂಸ್ಕೃತಿಗೆ ಇಷ್ಟು ದಿನ, ಆರ್ಥಿಕತೆಗೆ ಇಷ್ಟು ದಿನ ಎಂದು ಪಾಲು ಮಾಡುವುದನ್ನು ಮೊದಲು ಕೈಬಿಡಬೇಕೆಂದು ನನ್ನ ವಿನಂತಿ. ಈ ದೇಶದಲ್ಲಿ ಇವೆರಡನ್ನೂ ಹೆಣೆದಿರುವುದು ವಲಸೆ. 1841ರಲ್ಲಿ ಇಡೀ ದ್ವೀಪದ ಜನಸಂಖ್ಯೆ 80 ಲಕ್ಷವನ್ನು ದಾಟಿತ್ತು. 1845ರಲ್ಲಿ ಆಲೂಗೆಡ್ಡೆ ಬೆಳೆಗೆ ರೋಗ ತಗುಲಿ ಶುರುವಾದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಮಂದಿ ಸತ್ತರು, ಹೆಚ್ಚುಕಡಿಮೆ ಅಷ್ಟೇ ಮಂದಿ ಹಡಗು ಹತ್ತಿದರು. ಅದೇ ವರ್ಷಗಳಲ್ಲಿ ಇಲ್ಲಿಂದ ಇಂಗ್ಲೆಂಡಿಗೆ ಧಾನ್ಯ, ದನ, ಬೆಣ್ಣೆ ಸಾಗಿಹೋಗುತ್ತಿದ್ದುದನ್ನು ವಿದ್ಯಾರ್ಥಿಗಳು ಮರೆಯಬಾರದು. ಹೊರಹೋಗುವುದು ಆಮೇಲೂ ನಿಲ್ಲಲಿಲ್ಲ. 1961ರಲ್ಲಿ ಗಣರಾಜ್ಯದ (ಅಂದರೆ ಬ್ರಿಟನ್ನಿನಲ್ಲೇ ಉಳಿದ ಉತ್ತರ ಭಾಗವನ್ನು ಬಿಟ್ಟು) ಜನಸಂಖ್ಯೆ 28 ಲಕ್ಷಕ್ಕೆ ಇಳಿದಿತ್ತು, ಅದು ಮತ್ತೆ 50 ಲಕ್ಷವನ್ನು ದಾಟಿದ್ದನ್ನು ತೋರಿಸಿದ್ದು 2022ರ ಜನಗಣತಿ. ಆ ಗಣತಿಯಂತೆ ಐವರಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದವರು. ಭಾರತದ ಪೌರರೇ 45,000ಕ್ಕೂ ಹೆಚ್ಚು. ಮಕ್ಕಳನ್ನು ಕಳುಹಿಸಿಕೊಟ್ಟೇ ಬದುಕಿದ ದೇಶ ಈಗ ನಮ್ಮಂಥವರನ್ನು ಬರಮಾಡಿಕೊಳ್ಳುತ್ತಿದೆ. ಪ್ರವಾಸವನ್ನು ಈ ತಿರುವಿನ ಸುತ್ತ ಕಟ್ಟಿದರೆ ಪ್ರತಿಯೊಂದು ಜಾಗವೂ ತಾನಾಗಿ ಮಾತಾಡುತ್ತದೆ.

ಡಬ್ಲಿನ್‌ನಲ್ಲಿ ಲಿಫಿ ನದಿಯ ಉತ್ತರ ದಂಡೆಯ ಮೇಲೆ ಕಸ್ಟಮ್ ಹೌಸಿನಿಂದ ಪೂರ್ವಕ್ಕೆ ಒಂದು ಬೆಳಿಗ್ಗೆ ನಡೆದುಕೊಂಡು ಹೋಗಿ. ಮೊದಲು ಸಿಗುವುದು ಕ್ಷಾಮದ ಸ್ಮಾರಕ. ಮೂಳೆಚಕ್ಕಳವಾದ ಕಂಚಿನ ಮನುಷ್ಯರು ಗಂಟುಗಳನ್ನು ಎದೆಗವಚಿಕೊಂಡು ಬಂದರಿನ ದಿಕ್ಕಿಗೆ ಕಾಲೆಳೆಯುತ್ತಿದ್ದಾರೆ, ಒಬ್ಬನ ಹೆಗಲ ಮೇಲೆ ಜೀವವಿಲ್ಲದಂತೆ ಜೋತುಬಿದ್ದ ಮಗುವಿದೆ. ಅಲ್ಲಿಂದ ಕೆಲವೇ ಹೆಜ್ಜೆ ದೂರದ ಹಳೆಯ ಉಗ್ರಾಣ ಕಟ್ಟಡದಲ್ಲಿ ವಲಸೆಯ ವಸ್ತುಸಂಗ್ರಹಾಲಯವಿದೆ. ಅದರ ಆಸುಪಾಸಿನಲ್ಲೇ 1987ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಹಣಕಾಸು ಸೇವಾ ಕೇಂದ್ರದ ಗಾಜಿನ ಕಟ್ಟಡಗಳಿವೆ. ಇನ್ನೂ ಮುಂದೆ ಹೋದರೆ ಸೆಂಟ್ರಲ್ ಬ್ಯಾಂಕ್ ಸಿಗುತ್ತದೆ. ಅದು ಮೂಲತಃ ಆಂಗ್ಲೋ ಐರಿಷ್ ಬ್ಯಾಂಕಿನ ಕೇಂದ್ರ ಕಚೇರಿಗೆಂದು ಎದ್ದ ಕಟ್ಟಡ. 2008ರ ನಂತರ ಆ ಬ್ಯಾಂಕು ಕುಸಿದಾಗ ಕಾಂಕ್ರೀಟ್ ಅಸ್ಥಿಪಂಜರ ಹಲವು ವರ್ಷ ಹಾಗೆಯೇ ನಿಂತಿತ್ತು. ಕೊನೆಗೆ ದೇಶದ ಕೇಂದ್ರೀಯ ಬ್ಯಾಂಕೇ ಅದನ್ನು ಕೊಂಡು ಪೂರ್ತಿಗೊಳಿಸಿತು.

ಮಧ್ಯಾಹ್ನ 14, ಹೆನ್ರಿಯೆಟಾ ಸ್ಟ್ರೀಟ್ ಎಂಬ ಮನೆಗೆ ಕರೆದೊಯ್ಯಿರಿ. 1740ರ ದಶಕದ ಕೊನೆಯಲ್ಲಿ ಶ್ರೀಮಂತರೊಬ್ಬರ ಸಂಸಾರಕ್ಕೆಂದು ಕಟ್ಟಿದ ಆ ಮನೆಯಲ್ಲಿ 1911ರ ಹೊತ್ತಿಗೆ 17 ಕುಟುಂಬಗಳ 100 ಮಂದಿ ಒತ್ತಿಕೊಂಡು ಬದುಕುತ್ತಿದ್ದರು, ಕೊನೆಯ ಕುಟುಂಬ ಹೊರಬಿದ್ದದ್ದು 1970ರ ದಶಕದ ಕೊನೆಯಲ್ಲಿ. ಗೋಡೆಗಳಿಗೆ ಬಳಿದ ಕಡುಗೆಂಪು ಮತ್ತು ನೀಲಿ ಬಣ್ಣಗಳು ಇಂದಿಗೂ ಉಳಿದಿವೆ. ಇಂದು ಡಬ್ಲಿನ್‌ನಲ್ಲಿ ಬಾಡಿಗೆ ಮನೆ ಸಿಗದೆ ಪರದಾಡುವವರನ್ನು ದಿನವೂ ಕಾಣುವ ನನಗೆ ಆ ಕೋಣೆಗಳು ತೀರಾ ಹಳೆಯ ಕಾಲದವೆಂದು ಅನ್ನಿಸುವುದಿಲ್ಲ.

ಉತ್ತರ 2: ನಿವೃತ್ತ ಪ್ರಾಧ್ಯಾಪಕ, ಧಾರವಾಡ

ಮೇಲಿನ ಸಲಹೆಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಹೊರಡುವ ಮುನ್ನ ತರಗತಿಯಲ್ಲೇ ಆಗಬೇಕಾದ ಕೆಲಸವೊಂದಿದೆ. ಐರ್ಲೆಂಡಿನ ಒಟ್ಟು ದೇಶೀಯ ಉತ್ಪನ್ನದ ಅಂಕಿಯನ್ನು ಹಾಗೆಯೇ ನಂಬಿ ಹೋಗುವ ವಿದ್ಯಾರ್ಥಿ ಅಲ್ಲಿ ಕಂಡದ್ದನ್ನೆಲ್ಲ ತಪ್ಪಾಗಿ ಓದುತ್ತಾನೆ. 2015ರಲ್ಲಿ ಆ ದೇಶದ ಜಿಡಿಪಿ ಒಂದೇ ವರ್ಷದಲ್ಲಿ ಶೇಕಡಾ 26ರಷ್ಟು ಬೆಳೆಯಿತೆಂದು ಪ್ರಕಟವಾಯಿತು. ಬಹುರಾಷ್ಟ್ರೀಯ ಕಂಪನಿಗಳು ಪೇಟೆಂಟಿನಂಥ ಬೌದ್ಧಿಕ ಸ್ವತ್ತುಗಳನ್ನು ತಮ್ಮ ಐರಿಷ್ ಶಾಖೆಗಳ ಲೆಕ್ಕಕ್ಕೆ ವರ್ಗಾಯಿಸಿದ್ದೇ ಇದಕ್ಕೆ ಮುಖ್ಯ ಕಾರಣವಾಗಿತ್ತು. ಆ ವರ್ಷ ಅಲ್ಲಿನ ದುಡಿಯುವವರ ಕೈಗೆ ಅಷ್ಟು ಹಣ ಬಂದಿರಲಿಲ್ಲ. ಆದ್ದರಿಂದಲೇ ಅಲ್ಲಿನ ಅಂಕಿಅಂಶ ಇಲಾಖೆ ಇಂಥ ವರ್ಗಾವಣೆಗಳ ಪರಿಣಾಮವನ್ನು ಕಳೆದು ಲೆಕ್ಕ ಹಾಕುವ ‘ಮಾರ್ಪಡಿಸಿದ ಒಟ್ಟು ರಾಷ್ಟ್ರೀಯ ಆದಾಯ’ ಎಂಬ ಬೇರೆಯದೇ ಅಳತೆಯನ್ನು ಪ್ರಕಟಿಸಲಾರಂಭಿಸಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿಸಿ.

ಬೆಳವಣಿಗೆಗೆ ಕಡಿಮೆ ಕಂಪನಿ ತೆರಿಗೆಯೊಂದೇ ಕಾರಣ ಎಂಬ ವಾದವನ್ನೂ ಪರೀಕ್ಷೆಗೆ ಒಡ್ಡಬೇಕು. ಶೇಕಡಾ 12.5ರ ದರ ಪೂರ್ಣವಾಗಿ ಜಾರಿಗೆ ಬಂದದ್ದು 2003ರಲ್ಲಿ (ದೊಡ್ಡ ಕಂಪನಿಗಳಿಗೆ ಅದೀಗ ಶೇಕಡಾ 15). ಆದರೆ ಹಣಕಾಸು ಇಲಾಖೆಯ ಕಾರ್ಯದರ್ಶಿ ಟಿ. ಕೆ. ವಿಟಕರ್, ಸ್ವದೇಶಿ ಕೈಗಾರಿಕೆಗಳನ್ನು ಕಾಪಾಡಲು ಆಮದಿನ ಮೇಲೆ ಹಾಕುವ ಸುಂಕದ ನೀತಿಯನ್ನು ಬಿಡಬೇಕೆಂದು ವರದಿ ಬರೆದದ್ದು 1958ರಲ್ಲಿ, ಪ್ರೌಢಶಿಕ್ಷಣ ಉಚಿತವಾದದ್ದು 1967ರಲ್ಲಿ, ಯುರೋಪಿಯನ್ ಆರ್ಥಿಕ ಸಮುದಾಯಕ್ಕೆ ಸೇರಿದ್ದು 1973ರಲ್ಲಿ. ಬಡವರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದ ಆ ನಿರ್ಧಾರವೇ ಇವೆಲ್ಲಕ್ಕಿಂತ ದೊಡ್ಡದೆಂದು ನಾನು ಭಾವಿಸುತ್ತೇನೆ.

ಉತ್ತರ 3: ಗಾಲ್ವೆಯಲ್ಲಿ ಸಂಶೋಧನೆ ಮಾಡುತ್ತಿರುವವಳು

ಡಬ್ಲಿನ್ ಮುಗಿಸಿ ಪಶ್ಚಿಮಕ್ಕೆ ಬನ್ನಿ. ದಾರಿಯಲ್ಲಿ ಶಾನನ್‌ಗೆ ಅರ್ಧ ದಿನ ಕೊಡಿ. ಅಟ್ಲಾಂಟಿಕ್ ದಾಟುವ ವಿಮಾನಗಳು ಒಂದು ಕಾಲದಲ್ಲಿ ಇಂಧನ ತುಂಬಿಸಿಕೊಳ್ಳಲು ಅಲ್ಲಿ ಇಳಿಯುತ್ತಿದ್ದವು. ದೂರ ಹಾರಬಲ್ಲ ಜೆಟ್‌ಗಳು ಬಂದು ಆ ನಿಲ್ದಾಣದ ಅಗತ್ಯವೇ ಇಲ್ಲವಾಗುವ ಭಯ ಹುಟ್ಟಿದಾಗ 1959ರಲ್ಲಿ ಅಲ್ಲಿ ಸುಂಕಮುಕ್ತ ಕೈಗಾರಿಕಾ ವಲಯವನ್ನು ತೆರೆದರು. ಗುಜರಾತಿನಲ್ಲಿರುವ ಇಂಥದೇ ನಮ್ಮ ಕಾಂಡ್ಲಾ ವಲಯ 1965ರದ್ದು ಎಂಬುದನ್ನು ನೆನೆದರೆ ವಿದ್ಯಾರ್ಥಿಗಳಿಗೆ ಅದರ ಮಹತ್ವ ತಿಳಿಯುತ್ತದೆ. ಪಕ್ಕದ ಲಿಮೆರಿಕ್ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ: 2009ರಲ್ಲಿ ಡೆಲ್ ಕಂಪನಿ ಅಲ್ಲಿನ ಕಂಪ್ಯೂಟರ್ ತಯಾರಿಕೆಯನ್ನು ಪೋಲೆಂಡಿಗೆ ಸಾಗಿಸುವುದಾಗಿ ಹೇಳಿದಾಗ ಸುಮಾರು 1,900 ಮಂದಿಯ ಕೆಲಸ ಹೋಯಿತು.

ಕಡೆಯ ದಿನಗಳನ್ನು ಗಾಲ್ವೆಯ ಪಶ್ಚಿಮಕ್ಕಿರುವ ಕಾನೆಮಾರಾ ಪ್ರದೇಶಕ್ಕೆ ಇಟ್ಟುಕೊಳ್ಳಿ. ಐರಿಷ್ ಭಾಷೆ ಸಂವಿಧಾನದ ಪ್ರಕಾರ ದೇಶದ ಮೊದಲ ಅಧಿಕೃತ ಭಾಷೆ. 2022ರ ಗಣತಿಯಲ್ಲಿ ಅದು ತಮಗೆ ಬರುತ್ತದೆ ಎಂದವರು 18 ಲಕ್ಷಕ್ಕಿಂತ ಹೆಚ್ಚು, ಆದರೆ ಶಾಲೆಯ ಹೊರಗೆ ಅದನ್ನು ದಿನವೂ ಆಡುವವರು ಸುಮಾರು 72,000 ಮಾತ್ರ. ಕಾನೆಮಾರಾದ ಹಳ್ಳಿಗಳಲ್ಲಿ ಅದಿನ್ನೂ ಮನೆಮಾತಾಗಿದೆ. 1996ರಲ್ಲಿ ಶುರುವಾದ ಐರಿಷ್ ಭಾಷೆಯ ದೂರದರ್ಶನ ವಾಹಿನಿ ಟಿಜಿ4ರ ಕೇಂದ್ರವನ್ನು ರಾಜಧಾನಿಯಲ್ಲಿ ತೆರೆಯದೆ ಇಲ್ಲಿನ ಒಂದು ಹಳ್ಳಿಯಲ್ಲೇ ತೆರೆದರು. ಭಾಷೆ ಉಳಿಯಬೇಕಾದರೆ ಆ ಭಾಷೆಯಾಡುವ ಊರಿನಲ್ಲಿ ಸಂಬಳದ ಕೆಲಸ ಇರಬೇಕು ಎಂಬ ತಿಳಿವಳಿಕೆಯನ್ನು ಇಷ್ಟು ನಿಚ್ಚಳವಾಗಿ ನಾನು ಬೇರೆಲ್ಲೂ ಕಂಡಿಲ್ಲ. ನಿಮ್ಮ ವಿದ್ಯಾರ್ಥಿಗಳು ಸಂಸ್ಕೃತಿಯನ್ನೂ ಆರ್ಥಿಕತೆಯನ್ನೂ ಒಟ್ಟಿಗೆ ನೋಡಲು ಇದಕ್ಕಿಂತ ತಕ್ಕ ಜಾಗವಿಲ್ಲ.

ಮೈಸೂರಿನವರಾದ ನಿಮಗೆ ಇನ್ನೊಂದು ಮಾತು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ ಮಾತೃಭಾಷೆಯಲ್ಲಿ ಬರೆಯಲು ಹೇಳಿದ ಜೇಮ್ಸ್ ಕಸಿನ್ಸ್ ಐರ್ಲೆಂಡಿನ ಕವಿ, ಡಬ್ಲಿನ್‌ನ ಸಾಹಿತ್ಯ ಪುನರುಜ್ಜೀವನದ ವಲಯದಿಂದ ಬಂದವರು. ಕಾನೆಮಾರಾಗೆ ಹೋಗುವ ಬಸ್ಸಿನಲ್ಲಿ ಆ ಪ್ರಸಂಗವನ್ನು ಮಕ್ಕಳಿಗೆ ದಯವಿಟ್ಟು ಹೇಳಿ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಚೇರಿ ಭೇಟಿಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು, ಡಬ್ಲಿನ್, ಶಾನನ್, ಕಾನೆಮಾರಾ ಎಂಬ ಕ್ರಮದಲ್ಲಿ ಹೊಸ ಕರಡನ್ನು ವಿಭಾಗದ ಮುಂದಿಡುತ್ತೇನೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗನ್ ವೀಸಾ ಸಾಕಾಗುವುದೇ ಎಂದು ಕೆಲವು ವಿದ್ಯಾರ್ಥಿಗಳ ಪೋಷಕರು ಕೇಳುತ್ತಿದ್ದಾರೆ.

ಉತ್ತರ 4: ಡಬ್ಲಿನ್ ನಿವಾಸಿ, ಮೂಲತಃ ಹಾಸನದವನು

ಸಾಕಾಗುವುದಿಲ್ಲ ಮೇಡಂ. ಐರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ಷೆಂಗನ್ ವ್ಯವಸ್ಥೆಯಲ್ಲಿಲ್ಲ. ಭಾರತದ ಪಾಸ್‌ಪೋರ್ಟ್ ಉಳ್ಳವರು ಐರ್ಲೆಂಡಿನದೇ ವೀಸಾ ಪಡೆಯಬೇಕು. ಕ್ಷಾಮದ ಕಾಲದ ಊರುಗಳ ಜೊತೆಗೆ ಉತ್ತರದ ಬೆಲ್‌ಫಾಸ್ಟನ್ನೂ ತೋರಿಸುವ ಮನಸ್ಸಿದ್ದರೆ, ಅದು ಬ್ರಿಟನ್ನಿನ ಆಡಳಿತದಲ್ಲಿರುವುದರಿಂದ ಅದಕ್ಕೆ ಬೇಕಾದ ಅನುಮತಿಯನ್ನು ಅರ್ಜಿ ಹಾಕುವಾಗಲೇ ವಿಚಾರಿಸಿಕೊಳ್ಳಿ. ಗಡಿಯಲ್ಲಿ ತಪಾಸಣೆಯ ಗೇಟು ಕಾಣದಿದ್ದರೂ ಕಾನೂನು ಬೇರೆಯೇ. ಗುಂಪಿನ ಅರ್ಜಿಗಳಿಗೆ ಸಮಯ ಹಿಡಿಯುತ್ತದೆ, ಆದ್ದರಿಂದ ಕಾಲೇಜಿನ ಪತ್ರಗಳನ್ನು ಈಗಿನಿಂದಲೇ ಹೊಂದಿಸಿಕೊಳ್ಳುವುದು ಒಳ್ಳೆಯದು.