ಕಲಬುರಗಿಯ ಬಿಸಿಲಿನಿಂದ ಕೇದಾರದ ಚಳಿಗೆ: ಚೀಲದಲ್ಲಿ ಏನಿರಬೇಕು?

ಪ್ರಶ್ನೆ: ಅಪ್ಪನಕೆರೆ (ಕಲಬುರಗಿ)

ಎಲ್ಲರಿಗೂ ಶರಣು.

ಬರುವ ಮೇ ತಿಂಗಳಲ್ಲಿ ಅಪ್ಪ, ಅವ್ವ ಮತ್ತು ನಾನು ಕೇದಾರನಾಥ ಹಾಗೂ ಬದರಿನಾಥಕ್ಕೆ ಹೋಗಬೇಕೆಂದು ನಿಶ್ಚಯಿಸಿದ್ದೇವೆ. ಕೇದಾರವು ವೀರಶೈವರ ಐದು ಮುಖ್ಯ ಪೀಠಗಳಾದ ಪಂಚಪೀಠಗಳಲ್ಲಿ ಒಂದು. ಅಲ್ಲಿಯ ರಾವಲರು, ಅಂದರೆ ಮುಖ್ಯ ಅರ್ಚಕರು, ಕರ್ನಾಟಕದ ವೀರಶೈವ ಜಂಗಮ ಪರಂಪರೆಯಿಂದ ಬರುವವರು. ಹೀಗಾಗಿ ನಮ್ಮ ಮನೆಯಲ್ಲಿ ಆ ಕ್ಷೇತ್ರದ ಮಾತು ನಾನು ಹುಟ್ಟುವ ಮೊದಲಿನಿಂದಲೂ ನಡೆದುಬಂದಿದೆ. ಅಪ್ಪನಿಗೆ ಈಗ 68 ವರ್ಷ, ಅವ್ವನಿಗೆ 62. ಕಾಲಲ್ಲಿ ಶಕ್ತಿ ಇರುವಾಗಲೇ ಹೋಗಿ ಬರೋಣವೆಂದು ಅಪ್ಪನೇ ಈ ಸಲ ಮಾತು ತೆಗೆದರು.

ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಯವರೆಗೆ, ಅಲ್ಲಿಂದ ಹರಿದ್ವಾರ, ಮುಂದೆ ಗುಪ್ತಕಾಶಿ ಎಂದು ದಾರಿ ಗೊತ್ತುಮಾಡಿಕೊಂಡಿದ್ದೇವೆ. ತೊಂದರೆ ಇರುವುದು ಸಾಮಾನಿನದು. ನಾವು ಹೊರಡುವ ದಿನ ಕಲಬುರಗಿಯಲ್ಲಿ 42 ಡಿಗ್ರಿ ಬಿಸಿಲಿರುತ್ತದೆ, ಕೇದಾರದಲ್ಲಿ ಮೇ ತಿಂಗಳಲ್ಲೂ ರಾತ್ರಿಯ ಉಷ್ಣತೆ ಶೂನ್ಯದ ಹತ್ತಿರಕ್ಕೆ ಇಳಿಯುತ್ತದೆಂದು ಹೇಳುತ್ತಾರೆ. ನಮ್ಮ ಮನೆಯಲ್ಲಿ ಚಳಿಗೆಂದು ಇರುವುದು ಎರಡು ಶಾಲು ಮತ್ತು ಅಜ್ಜಿ ಹೊಲಿದ ಕೌದಿ ಮಾತ್ರ. ಕಳೆದ ಭಾನುವಾರ ಒಮ್ಮೆ ಎಲ್ಲವನ್ನೂ ಜೋಡಿಸಿ ನೋಡಿದಾಗ ಮೂರು ದೊಡ್ಡ ಸೂಟ್‌ಕೇಸ್ ತುಂಬಿ, ಕೌದಿ ಹೊರಗೇ ಉಳಿಯಿತು. ಇದರ ಮೇಲೆ, ದಾರಿಯಲ್ಲಿ ಚಹಾ ಮಾಡಿಕೊಳ್ಳಲು ಸಣ್ಣ ಗ್ಯಾಸ್ ಒಲೆಯನ್ನೂ ಒಯ್ಯಿರಿ ಎಂದು ಸಂಬಂಧಿಕರೊಬ್ಬರು ಹೇಳಿದ್ದಾರೆ.

ಅವ್ವ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಸಕ್ಕರೆ ಕಾಯಿಲೆಗೆ ದಿನವೂ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅಪ್ಪನಿಗೆ ಹೊರಗಿನ ಊಟ ಹಿಡಿಸುವುದಿಲ್ಲ. ಊರಿಗೆ ಹೊರಡುವ ಮುನ್ನಾದಿನದ ರಾತ್ರಿ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ನನಗೆ ಈಗಲೂ ಪ್ರವಾಸ ಅಲ್ಲಿಂದಲೇ ಶುರುವಾದಂತೆ ಅನ್ನಿಸುತ್ತದೆ. ಆ ಸಂತೋಷ ಸಾಮಾನಿನ ಭಾರದ ಕೆಳಗೆ ಸಿಕ್ಕಿ ಹಾಳಾಗಬಾರದು ಎಂಬುದೇ ನನ್ನ ಆಸೆ. ಹೋಗಿ ಬಂದವರು ದಯವಿಟ್ಟು ತಿಳಿಸಿರಿ.

ಉತ್ತರ 1: ಝರಣಿದಾರಿ (ಬೀದರ್)

ಶರಣು ತಂಗಿ. ನಾನು ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿ ಬಂದಿದ್ದೇನೆ. ಅವರೂ ಸೀರೆಯನ್ನೇ ಉಡುವವರು. ಆದುದರಿಂದ ನಿಮ್ಮ ಅವ್ವನವರ ವಿಷಯದಿಂದಲೇ ಆರಂಭಿಸುತ್ತೇನೆ.

ಸೀರೆ ಉಟ್ಟು ಹತ್ತುವುದಕ್ಕೆ ಅಡ್ಡಿಯಿಲ್ಲ, ಆದರೆ ಒಳಗೆ ಉಣ್ಣೆಯ ಅಥವಾ ಥರ್ಮಲ್ ಕಾಲುಚೀಲದಂತಹ ಬಿಗಿಯಾದ ಪಾಯಿಜಾಮ ಇರಲೇಬೇಕು. ಸೀರೆ ಹತ್ತಿಯದಾಗಿದ್ದರೆ ಮಳೆಯಲ್ಲಿ ನೆನೆದ ಮೇಲೆ ದಿನವಿಡೀ ಒಣಗುವುದಿಲ್ಲ ಮತ್ತು ನೆನೆದ ಹತ್ತಿ ಮೈಯ ಶಾಖವನ್ನು ಹೀರಿಕೊಳ್ಳುತ್ತದೆ. ಹಗುರವಾದ ಪಾಲಿಸ್ಟರ್ ಸೀರೆಯನ್ನು ಪಾದದ ಗಂಟಿಗಿಂತ ಒಂದು ಗೇಣು ಮೇಲಕ್ಕೆ ಉಟ್ಟು, ಮೇಲೆ ತೋಳು ಪೂರ್ತಿ ಇರುವ ಸ್ವೆಟರ್, ಅದರ ಮೇಲೆ ಮೊಣಕಾಲಿನವರೆಗೆ ಬರುವ ರೇನ್‌ಕೋಟ್ ಹಾಕಿಸಿರಿ. ಕೊಡೆ ಬೇಡ, ದಾರಿಯಲ್ಲಿ ಕುದುರೆಗಳೂ ಡೋಲಿಗಳೂ ಒತ್ತಿಕೊಂಡು ಬರುವುದರಿಂದ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಬರಿದಾಗಿ ಇರಬೇಕು. ದರ್ಶನಕ್ಕೆಂದು ಒಂದು ಇಳಕಲ್ ಸೀರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಳ್ಳಲಿ. ಅತ್ತೆಯವರು ಬೆಳಗಿನ ಜಾವ ಅದನ್ನು ಉಟ್ಟುಕೊಂಡು ಗುಡಿಯ ಮುಂದೆ ನಿಂತ ಹೊತ್ತಿಗೆ ಹಿಂದಿನ ಹಿಮದ ಶಿಖರಕ್ಕೆ ಬಿಸಿಲು ತಾಗಿತು, ಮತ್ತು ಅವರು ಮುಖ ಮೇಲೆತ್ತಿ ನೋಡಿದ ರೀತಿಯನ್ನು ನಾನು ಮರೆಯುವುದಿಲ್ಲ. ಆ ಒಂದು ಸೀರೆಯ ಭಾರವನ್ನು ನಾನು ಎಂದೂ ಲೆಕ್ಕ ಹಾಕಲಾರೆ.

ಯಾರೂ ಹೇಳದ ಒಂದು ಸಂಗತಿಯಿದೆ. ಅವ್ವನವರು ಕಾಲುಂಗುರ ಹಾಕಿದ್ದರೆ, ಬೂಟಿನೊಳಗೆ ಅದು ಪಕ್ಕದ ಬೆರಳನ್ನು ಉಜ್ಜಿ ಮೊದಲ ಎರಡು ಗಂಟೆಯಲ್ಲೇ ಬೊಕ್ಕೆ ಎಬ್ಬಿಸುತ್ತದೆ. ತೆಗೆಯಲು ಮನಸ್ಸಿಲ್ಲದಿದ್ದರೆ ಉಂಗುರದ ಮೇಲೆ ಬಟ್ಟೆಯ ಪಟ್ಟಿ ಸುತ್ತಿ, ಅಗಲವಾದ ಮುಂಭಾಗವಿರುವ ಬೂಟನ್ನು ಕೊಳ್ಳಿರಿ. ಬೂಟನ್ನು ಒಂದು ತಿಂಗಳು ಮೊದಲೇ ಕೊಂಡು, ದಿನವೂ ಬೆಳಿಗ್ಗೆ ನಿಮ್ಮ ಊರಿನ ಅಪ್ಪನಕೆರೆಯ ಸುತ್ತ ಅದನ್ನೇ ಹಾಕಿಕೊಂಡು ನಡೆಯಲಿ.

ಇನ್ನು ಬುತ್ತಿ. ಮೊದಲ ದಿನದ ಮಧ್ಯಾಹ್ನಕ್ಕೆ ಮಾತ್ರ ಮೊಸರನ್ನ ಒಯ್ಯಿರಿ, ಅದೂ ಹೆಚ್ಚು ಹಾಲು ಸ್ವಲ್ಪವೇ ಮೊಸರು ಹಾಕಿ ಕಲಸಿದ್ದು. ಮೇ ತಿಂಗಳ ರೈಲಿನಲ್ಲಿ ರಾತ್ರಿಯವರೆಗೆ ಅದು ಉಳಿಯುವುದಿಲ್ಲ. ಎಣ್ಣೆಗಾಯಿ, ಪುಂಡಿಪಲ್ಯ ಇವೂ ಆ ಒಂದು ಹೊತ್ತಿಗೇ ಮುಗಿಯಬೇಕು. ಮುಂದಿನ ದಿನಗಳಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಸ್ವಲ್ಪ ಮಾದಲಿ ಇದ್ದರೆ ಸಾಕು. ರೊಟ್ಟಿ ಪೂರ್ತಿ ಆರಿದ ಮೇಲೆ ನಾಲ್ಕು ತುಂಡು ಮಾಡಿ, ಹತ್ತಿಯ ಬಟ್ಟೆಯಲ್ಲಿ ಸುತ್ತಿ ಸ್ಟೀಲಿನ ಡಬ್ಬಿಯಲ್ಲಿ ಇಡಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಇಡಿಯ ರೊಟ್ಟಿಯನ್ನೇ ಒಯ್ಯಬೇಕೆಂಬ ಹಟ ಹಿಡಿದರೆ ಅದಕ್ಕೆಂದೇ ಒಂದು ಬುಟ್ಟಿ ಬೇಕಾಗುತ್ತದೆ, ಭೋಪಾಲ್ ಮುಟ್ಟುವ ಮೊದಲು ಅದು ಹೇಗೂ ಪುಡಿಯಾಗುತ್ತದೆ.

ಡಬ್ಬಿ ಖಾಲಿಯಾದಂತೆ ಚೀಲದಲ್ಲಿ ಜಾಗವೂ ಆಗುತ್ತದೆ. ಮರಳಿ ಬರುವಾಗ ಆ ಜಾಗದಲ್ಲಿ ಹರಿದ್ವಾರದ ಗಂಗೆಯ ತಂಬಿಗೆಗಳನ್ನು ತರಬಹುದು. ಓಣಿಯವರೆಲ್ಲರೂ ಗಂಗಾಪೂಜೆಗೆ ಕಾಯುತ್ತಿರುತ್ತಾರಲ್ಲವೇ?

ಉತ್ತರ 2: ಕೋಟೆಮೆಟ್ಟಿಲು (ಯಾದಗಿರಿ)

ಅಕ್ಕನವರು ಬಟ್ಟೆ ಮತ್ತು ಬುತ್ತಿಯ ಬಗ್ಗೆ ಹೇಳಿರುವುದೆಲ್ಲವೂ ಸರಿಯಾಗಿದೆ. ನಾನು ಭಾರದ ಬಗ್ಗೆ ಹೇಳುತ್ತೇನೆ, ಏಕೆಂದರೆ ನಾನು ಕಷ್ಟಪಟ್ಟದ್ದು ಅಲ್ಲಿಯೇ.

ರೈಲಿನಲ್ಲಿ ಭಾರದ ಚಿಂತೆ ಇಲ್ಲ. ಸ್ಲೀಪರ್ ಮತ್ತು ತ್ರೀ ಟಿಯರ್ ಎಸಿಯಲ್ಲಿ ಒಬ್ಬರಿಗೆ 40 ಕಿಲೋವರೆಗೆ ಉಚಿತವಾಗಿ ಒಯ್ಯಲು ಅವಕಾಶವಿದೆ, ಮತ್ತು ಈ ಅವಕಾಶವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ನಮ್ಮ ಪ್ರಯಾಣದ ಬಹುಪಾಲು ರೈಲು ಮತ್ತು ಜೀಪಿನಲ್ಲಿ ಕಳೆಯುವುದರಿಂದ ನಾವು ಅದಕ್ಕೆ ತಕ್ಕಂತೆ ಸಾಮಾನು ಕಟ್ಟುತ್ತೇವೆ. ಆದರೆ ಖಾಸಗಿ ವಾಹನಗಳು ಸೋನಪ್ರಯಾಗದಲ್ಲೇ ನಿಲ್ಲುತ್ತವೆ. ಅಲ್ಲಿಂದ ಗೌರಿಕುಂಡದವರೆಗೆ ಬಾಡಿಗೆಯ ಜೀಪುಗಳಲ್ಲಿ ಒತ್ತಿಕೊಂಡು ಹೋಗಬೇಕು, ಮತ್ತು ಗೌರಿಕುಂಡದಿಂದ ಗುಡಿಯವರೆಗೆ ಸುಮಾರು 16 ಕಿಲೋಮೀಟರ್ ಏರುದಾರಿ. ಹಿರಿಯರು 14 ಕಿಲೋಮೀಟರ್ ಎಂದು ಹೇಳಿದರೆ ಅದು ಹಳೆಯ ದಾರಿಯ ಲೆಕ್ಕ. 2013ರ ಜೂನ್ ತಿಂಗಳ ಪ್ರವಾಹದಲ್ಲಿ ದಾರಿಯ ನಡುವಿನ ತಂಗುದಾಣವಾಗಿದ್ದ ರಾಮಬಾಡಾ ಕೊಚ್ಚಿಹೋದ ಮೇಲೆ ಅಲ್ಲಿಂದ ಮುಂದಿನ ದಾರಿಯನ್ನು ಮಂದಾಕಿನಿ ನದಿಯ ಆಚೆಯ ದಂಡೆಯಲ್ಲಿ ಹೊಸದಾಗಿ ಮಾಡಿದ್ದಾರೆ. ಗುಡಿ ಇರುವುದು 3,500 ಮೀಟರಿಗಿಂತ ಹೆಚ್ಚಿನ ಎತ್ತರದಲ್ಲಿ; ಅಲ್ಲಿಯ ತೆಳುವಾದ ಗಾಳಿಯಲ್ಲಿ ಒಂದು ಕಿಲೋ ಭಾರವೂ ಎರಡು ಕಿಲೋದಂತೆ ಅನ್ನಿಸುತ್ತದೆ.

ಆದುದರಿಂದ ಸಾಮಾನನ್ನು ಮೊದಲೇ ಎರಡು ಪಾಲು ಮಾಡಿರಿ. ದೊಡ್ಡ ಚೀಲ ಗುಪ್ತಕಾಶಿಯ ವಸತಿಗೃಹದಲ್ಲಿ ಉಳಿಯಲಿ. ಮೇಲೆ ಒಂದು ರಾತ್ರಿಗೆ ಬೇಕಾದದ್ದು ಮಾತ್ರ ಸಣ್ಣ ಬೆನ್ನುಚೀಲದಲ್ಲಿ ಬರಲಿ. ಬದರಿನಾಥಕ್ಕೆ ವಾಹನವೇ ಹೋಗುವುದರಿಂದ ಅಲ್ಲಿಗೆ ದೊಡ್ಡ ಚೀಲ ಒಯ್ಯಬಹುದು. ತಪ್ತಕುಂಡದ ಬಿಸಿನೀರಿನ ಸ್ನಾನಕ್ಕೆ ಬೇಕಾದ ಪಂಚೆ, ಒಣ ಟವೆಲ್ಲು ಆ ಚೀಲದಲ್ಲೇ ಇರಲಿ. ಕೌದಿಯನ್ನು ಮನೆಯಲ್ಲೇ ಬಿಡಿ. ತಂಗುವ ಕಡೆಗಳಲ್ಲೆಲ್ಲ ದಪ್ಪ ರಜಾಯಿ ಕೊಡುತ್ತಾರೆ, ಒಳಗೆ ಹಾಸಿಕೊಳ್ಳಲು ತೆಳುವಾದ ಒಂದು ಚಾದರವಿದ್ದರೆ ಸಾಕು.

ನಾನು ಹೋದಾಗ ಕೂಲಿಯವರೊಬ್ಬರ ಬೆನ್ನಿಗೆ ನಮ್ಮ ಚೀಲವನ್ನೆಲ್ಲ ಕೊಟ್ಟು ಕೈಬೀಸಿಕೊಂಡು ನಡೆದೆವು. ಮಧ್ಯಾಹ್ನ ಮೂರರ ಹೊತ್ತಿಗೆ ಮಳೆ ಹಿಡಿಯಿತು. ಅವರು ನಮಗಿಂತ ಬಹಳ ಮುಂದೆ ಹೋಗಿಬಿಟ್ಟಿದ್ದರು, ನಮ್ಮ ರೇನ್‌ಕೋಟು, ಸ್ವೆಟರು, ತಂದೆಯವರ ರಕ್ತದೊತ್ತಡದ ಗುಳಿಗೆಗಳು ಎಲ್ಲವೂ ಆ ಚೀಲದಲ್ಲಿದ್ದವು. ಅವರದೇನೂ ತಪ್ಪಿರಲಿಲ್ಲ, ಯಾವುದನ್ನು ಕೊಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂದು ನಾವು ಯೋಚಿಸಿರಲಿಲ್ಲ. ತಂದೆಯವರು ನಡುಗುತ್ತ ಚಹಾದ ಅಂಗಡಿಯೊಂದರ ತಾಡಪತ್ರಿಯ ಕೆಳಗೆ ಎರಡು ಗಂಟೆ ಕುಳಿತರು. ಆ ದಿನದಿಂದ ನಾನು ಒಂದು ಕ್ರಮವನ್ನು ಬಿಟ್ಟಿಲ್ಲ. ಮುಂದಿನ ಎರಡು ಗಂಟೆಯಲ್ಲಿ ಬೇಕಾಗಬಹುದಾದ ಯಾವ ವಸ್ತುವೂ, ಅಂದರೆ ಮಳೆಯಂಗಿ, ಒಂದು ಬೆಚ್ಚನೆಯ ಬಟ್ಟೆ, ಔಷಧ, ನೀರು, ಬೆಲ್ಲ ಮತ್ತು ಶೇಂಗಾ, ಆಧಾರ್, ಯಾತ್ರೆಯ ನೋಂದಣಿಯ ಕಾಗದ, ನಗದು ಹಣ, ಇವು ಯಾವುವೂ ನಮ್ಮ ಮೈಯಿಂದ ದೂರ ಹೋಗಬಾರದು. ನೋಂದಣಿಯನ್ನು ಉತ್ತರಾಖಂಡ ಸರ್ಕಾರ ಕಡ್ಡಾಯ ಮಾಡಿದೆ. ಊರಲ್ಲೇ ಮಾಡಿಸಿ, ಕಾಗದದ ಪ್ರತಿಯನ್ನೂ ಇಟ್ಟುಕೊಳ್ಳಿ, ಏಕೆಂದರೆ ಚಳಿಗೆ ಮೊಬೈಲಿನ ಬ್ಯಾಟರಿ ಬೇಗ ಇಳಿದುಹೋಗುತ್ತದೆ.

ನಮ್ಮ ಅಜ್ಜನ ಎಲೆಯ ಸಂಚಿಯನ್ನು ನೀವು ನೋಡಿದ್ದರೆ ಚೀಲ ಜೋಡಿಸುವ ರೀತಿಯನ್ನು ಬೇರೆ ಯಾರೂ ಕಲಿಸಬೇಕಾಗಿರಲಿಲ್ಲ. ಎಲೆಗೆ ಒಂದು ಅರೆ, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಒಂದು, ಅಡಕತ್ತಿಗೆ ಒಂದು. ಕತ್ತಲಲ್ಲಿಯೂ ಕೈ ನೇರವಾಗಿ ಬೇಕಾದಲ್ಲಿಗೇ ಹೋಗುತ್ತಿತ್ತು. ಹಾಗೆಯೇ ಒಂದೊಂದು ದಿನದ ಬಟ್ಟೆಯನ್ನು ಒಂದೊಂದು ಸಣ್ಣ ಚೀಲದಲ್ಲಿ ಕಟ್ಟಿ, ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಭಾರವಾದದ್ದನ್ನು ಬೆನ್ನಿಗೆ ತಾಗುವಂತೆ ಇಡಿ. ಹೊರಡುವ ಮೊದಲು ಒಂದು ಭಾನುವಾರ ನಮ್ಮ ಯಾದಗಿರಿಗೆ ಬಂದು, ತುಂಬಿದ ಚೀಲ ಹೊತ್ತುಕೊಂಡೇ ಕೋಟೆಯ ಗುಡ್ಡ ಹತ್ತಿರಿ. ಯಾವುದು ಅನಗತ್ಯವೆಂದು ಅರ್ಧ ದಾರಿಯಲ್ಲೇ ತಿಳಿಯುತ್ತದೆ.

ಉತ್ತರ 3: ತೊಗರಿಹೊಲ (ಸೇಡಂ)

ನಾನು ಔಷಧದ ಅಂಗಡಿ ನಡೆಸುತ್ತೇನೆ. ಇನ್ಸುಲಿನ್ ಬಗ್ಗೆ ಯಾರೂ ಬರೆದಿಲ್ಲವಾದುದರಿಂದ ಅದನ್ನಷ್ಟೇ ಬರೆಯುತ್ತೇನೆ.

ಇನ್ಸುಲಿನ್‌ಗೆ ಬಿಸಿಲೂ ಶತ್ರು, ಹಿಮವೂ ಶತ್ರು; ನಿಮ್ಮ ದಾರಿಯಲ್ಲಿ ಎರಡೂ ಇವೆ. ಸೊಲ್ಲಾಪುರದಿಂದ ಝಾನ್ಸಿಯವರೆಗಿನ ಸೆಕೆಯಲ್ಲಿ ಅದನ್ನು ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿ ಅಥವಾ ನೀರಿನಲ್ಲಿ ನೆನೆಸಿ ಬಳಸುವ ತಂಪು ಚೀಲದಲ್ಲಿ ಇಡಿ, ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ. ಬೆಟ್ಟದ ಮೇಲೆ ಅದು ಅವ್ವನವರ ಸ್ವೆಟರಿನ ಒಳಗಿನ ಜೇಬಿನಲ್ಲಿರಲಿ, ರಾತ್ರಿ ರಜಾಯಿಯ ಒಳಗಿರಲಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಂಡರೂ ಬಳಸಬಾರದು. ಸಕ್ಕರೆ ನೋಡುವ ಯಂತ್ರವೂ ಅತಿಯಾದ ಚಳಿಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದಕ್ಕೂ ಒಳಜೇಬೇ ಸರಿಯಾದ ಜಾಗ. ಬೇಕಾದದ್ದರ ಎರಡು ಪಟ್ಟು ಔಷಧವನ್ನು ಎರಡು ಬೇರೆ ಚೀಲಗಳಲ್ಲಿ ಹಂಚಿ ಇಡಿ, ವೈದ್ಯರ ಚೀಟಿಯ ಪ್ರತಿಯನ್ನೂ ಎರಡರಲ್ಲೂ ಇಡಿ. ಏರುದಾರಿಯಲ್ಲಿ ನಡೆಯುವಾಗ ಸಕ್ಕರೆಯ ಪ್ರಮಾಣ ಒಮ್ಮೆಲೇ ಇಳಿಯಬಹುದು, ಆದುದರಿಂದ ಆ ದಿನದ ಪ್ರಮಾಣವನ್ನು ಎಷ್ಟು ಇಡಬೇಕೆಂದು ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿರಿ. ಗುಪ್ತಕಾಶಿಯಲ್ಲಿ ಒಂದು ರಾತ್ರಿ ತಂಗಿ ದಣಿವಾರಿಸಿಕೊಂಡು ಹೋಗುವುದು ಹಿರಿಯರಿಬ್ಬರಿಗೂ ಒಳ್ಳೆಯದು. ತಲೆನೋವು, ವಾಕರಿಕೆ ಹೆಚ್ಚಾದರೆ ದರ್ಶನವನ್ನು ಬಿಟ್ಟಾದರೂ ಕೆಳಗಿಳಿಯಿರಿ.

ಗ್ಯಾಸ್ ಒಲೆಯನ್ನು ಮಾತ್ರ ದಯವಿಟ್ಟು ಒಯ್ಯಬೇಡಿ. ರೈಲಿನಲ್ಲಿ ಸಿಲಿಂಡರ್ ಒಯ್ಯುವುದು 1989ರ ರೈಲ್ವೆ ಕಾಯಿದೆಯ ಪ್ರಕಾರ ಅಪರಾಧ, ಮೂರು ವರ್ಷಗಳವರೆಗೆ ಸೆರೆವಾಸವಾಗಬಹುದು. 2023ರ ಆಗಸ್ಟ್‌ನಲ್ಲಿ ಮದುರೈ ನಿಲ್ದಾಣದ ಬಳಿ ನಿಂತಿದ್ದ ಪ್ರವಾಸಿಗರ ಬೋಗಿಗೆ ಬೆಂಕಿ ಬಿದ್ದು ಒಂಬತ್ತು ಜನ ಯಾತ್ರಿಕರು ತೀರಿಹೋದದ್ದು ಒಳಗೆ ತಂದಿದ್ದ ಅಂತಹ ಸಿಲಿಂಡರಿನಿಂದಲೇ. ಸಂಬಂಧಿಕರಿಗೆ ಇದನ್ನೇ ಹೇಳಿರಿ.

ಮರುಮಾತು: ಅಪ್ಪನಕೆರೆ (ಕಲಬುರಗಿ)

ಮೂವರಿಗೂ ಶರಣು. ನಿನ್ನೆ ಸಂಜೆ ಮೂರು ಸೂಟ್‌ಕೇಸನ್ನೂ ಖಾಲಿ ಮಾಡಿ ಮೊದಲಿನಿಂದ ಜೋಡಿಸಿದೆವು. ಮೂವರಿಗೂ ಸೇರಿ ಈಗ ಒಂದು ದೊಡ್ಡ ಚೀಲ, ಎರಡು ಬೆನ್ನುಚೀಲ ಮತ್ತು ಅವ್ವನ ಹೆಗಲಿಗೆ ಒಂದು ಸಣ್ಣ ಚೀಲ ಆಗಿವೆ. ನನ್ನ ಬೆನ್ನುಚೀಲ ತೂಗಿದಾಗ 6 ಕಿಲೋ ಬಂತು, ಅಪ್ಪನದು 4. ಕೌದಿ ಮತ್ತೆ ಟ್ರಂಕಿಗೆ ಹೋಯಿತು. ಕಾಲುಂಗುರ ತೆಗೆಯುವ ಮಾತಿಗೆ ಅವ್ವ ಮೊದಲು ಒಪ್ಪಲಿಲ್ಲ. ಬೂಟು ಹಾಕಿ ಕೆರೆಯ ಸುತ್ತ ಒಂದು ಸಲ ನಡೆದು ಬಂದ ಮೇಲೆ, ತಾವೇ ಅದನ್ನು ತೆಗೆದು ದರ್ಶನದ ಇಳಕಲ್ ಸೀರೆಯ ಸೆರಗಿಗೆ ಗಂಟು ಹಾಕಿ, ಗುಡಿಯ ಮುಂದೆ ಹಾಕಿಕೊಳ್ಳುತ್ತೇನೆಂದರು. ಬರುವ ಭಾನುವಾರ ಬೆಳಗಿನ ರೈಲಿಗೆ ಚೀಲಗಳೊಂದಿಗೆ ಯಾದಗಿರಿಗೆ ಬರುತ್ತಿದ್ದೇವೆ. ಕೋಟೆಯ ಮೇಲೆ ಕುಳಿತು ಉಣ್ಣಲು ಅವ್ವ ರೊಟ್ಟಿ ಬಡಿಯುವುದಾಗಿ ಹೇಳಿದ್ದಾರೆ.