ನಿಂತೇ ಉಣ್ಣುವ ಮೀನು

"ಮೀನು ನಿಂತುಕೊಳ್ಳುತ್ತದಂತೆ ಗೌಡ್ರೇ, ಮೂರು ಕಾಲಿನ ಮೇಲೆ!" ಎಂದ ಸುರೇಶ.

ಹೊರಗೆ ಎಂ.ಜಿ. ರಸ್ತೆಯಲ್ಲಿ ಜಡಿಮಳೆ. ಕಾಫಿ ಮುಗಿದರೂ ಯಾರೂ ಏಳುವ ಹಾಗಿರಲಿಲ್ಲ.

"ಬ್ಯಾಥಿಪ್ಟೆರಾಯ್ಸ್ ಅಂತ ಅದರ ಕುಲ" ಎಂದರು ಮೇಷ್ಟ್ರು.

"ತೋಟಕ್ಕೆ ಹೊಡೆಯೋ ಔಷಧಿ ಹೆಸರಿದ್ದ ಹಾಗಿದೆಯಲ್ರೀ! ಎಲ್ಲಿರುತ್ತೆ?"

"ಮುಳ್ಳಯ್ಯನಗಿರಿ 1,930 ಮೀಟರ್ ಅಲ್ವಾ? ಅಂಥವೆರಡನ್ನು ಒಂದರ ಮೇಲೊಂದಿಟ್ಟು ಕಡಲಲ್ಲಿ ಮುಳುಗಿಸಿದರೂ ಈ ಮೀನು ಅದಕ್ಕಿಂತ ಕೆಳಗೆ ಸಿಗಬಹುದು. 4,700 ಮೀಟರ್ ಆಳದಲ್ಲೂ ಇದೆ."

ಕುಲದಲ್ಲಿ ಹದಿನೆಂಟರ ಆಸುಪಾಸು ಜಾತಿಗಳು. ಅವುಗಳಲ್ಲಿ ಉದ್ದ ಕಾಲಿನ ಸರದಾರ ಗ್ರಲೇಟರ್ ಅನ್ನೋ ಜಾತಿ. ಮೈ ಒಂದಡಿಗಿಂತ ಸ್ವಲ್ಪ ಜಾಸ್ತಿ, ಕಾಲು ಹತ್ತಿರ ಹತ್ತಿರ ಒಂದು ಮೀಟರ್! ಕಾಲು ಅಂದರೆ ರೆಕ್ಕೆಯ ಕಡ್ಡಿಗಳು. ಹೊಟ್ಟೆ ಕೆಳಗೆ ಎರಡು, ಬಾಲದ್ದೊಂದು. ಮೆಡಿಟರೇನಿಯನ್ ಕಡಲಿನ ಡುಬಿಯಸ್ ಅನ್ನೋ ಜಾತಿಗೆ ಕಾಲು ಇಷ್ಟುದ್ದ ಇಲ್ಲ.

ಬ್ರಿಟನ್ನಿನ ಸಂಶೋಧನಾ ಹಡಗು ಚಾಲೆಂಜರ್ 1872ರಿಂದ 1876ರವರೆಗೆ ಕಡಲು ಸುತ್ತಿ ತಂದ ಮೀನುಗಳನ್ನು ನೋಡಿ ಪ್ರಾಣಿಶಾಸ್ತ್ರಜ್ಞ ಗುಂಥರ್ 1878ರಲ್ಲಿ ಈ ಕುಲಕ್ಕೆ ಹೆಸರಿಟ್ಟ. ಬಲೆಯಲ್ಲಿ ಸತ್ತು ಬಂದದ್ದು ಹೇಗೆ ನಿಂತು ತೋರಿಸೀತು? ಆಳಕ್ಕಿಳಿದ ನೌಕೆಗಳೇ ಅದನ್ನು ನೋಡಬೇಕಾಯಿತು.

"ನಿಂತು ಏನ್ಮಾಡುತ್ತೆ?"

"ನೀರು ಹರಿದು ಬರುವ ಕಡೆಗೆ ಮುಖ ಮಾಡಿ ಸುಮ್ನೆ ಕಾಯುತ್ತೆ. ಕಣ್ಣು ಚಿಕ್ಕದು, ಕತ್ತಲಲ್ಲಿ ಅದರಿಂದ ಅಷ್ಟೇನೂ ಪ್ರಯೋಜನ ಇಲ್ಲ. ಎದೆಯ ಹತ್ತಿರದ ರೆಕ್ಕೆಗಳನ್ನು ತಲೆಯ ಮೇಲಿಂದ ಮುಂದಕ್ಕೆ ಚಾಚಿರುತ್ತೆ. ತೇಲಿ ಬಂದ ಸಣ್ಣ ಸಿಗಡಿಯಂಥ ಜೀವಿ ತಗುಲಿದರೆ ಬಾಯಿಗೆ."

"ಓಡಾಡದೆ ಊಟ! ನಮ್ಮ ಸುರೇಶನ ಪೈಕೀನೇ."

"ಬೈಬೇಡಿ ಗೌಡ್ರೇ" ಎಂದ ಸುರೇಶ. "ಅಲ್ಲಿ ಊಟವೇ ಕಡಿಮೆ. ಹುಡುಕಿಕೊಂಡು ಈಜಿದರೆ ತಿಂದದ್ದಕ್ಕಿಂತ ಖರ್ಚೇ ಜಾಸ್ತಿ. ನೆಲಕ್ಕಂಟಿ ಕೂತರೂ ಆಗಲ್ಲ, ತಳದಲ್ಲಿ ನೀರಿನ ಹರಿವು ನಿಧಾನ. ಅದಕ್ಕೇ ಎತ್ತರದ ಕಾಲು."

ಸೋಮಾರಿತನಕ್ಕೆ ಇಷ್ಟು ಚೆನ್ನಾಗಿ ವಕಾಲತ್ತು ಮಾಡಿದ್ದನ್ನು ನಾನಂತೂ ಕೇಳಿರಲಿಲ್ಲ.

"ಸರಿ, ಆ ಕತ್ತಲಲ್ಲಿ ಹೆಣ್ಣು ಹುಡುಕೋದು ಹೇಗೆ?" ಗೌಡರ ಪ್ರಶ್ನೆ. ಮಗನಿಗೆ ಹೆಣ್ಣು ಹುಡುಕಿ ಅವರ ಚಪ್ಪಲಿ ಸವೆದಿದೆ. ತೋಟ ಇದ್ದರೂ ಹುಡುಗಿಯರಿಗೆ ಬೆಂಗಳೂರೇ ಬೇಕು.

ಮೇಷ್ಟ್ರು ದನಿ ತಗ್ಗಿಸಿದರು. "ಒಂದೇ ಮೀನಿನಲ್ಲಿ ಗಂಡೂ ಇದೆ, ಹೆಣ್ಣೂ ಇದೆ. ಜೋಡಿ ಸಿಕ್ಕರೆ ಸರಿ. ಸಿಗದಿದ್ದರೆ ತನ್ನ ಮೊಟ್ಟೆಗೆ ತಾನೇ ಅಪ್ಪ ಆಗಬಲ್ಲದು ಅಂತಾರೆ."

ಗೌಡರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

"ಅಂದ್ರೆ ಬ್ರೋಕರ್ ಕಮಿಷನ್, ಛತ್ರದ ಬಾಡಿಗೆ, ಎಲ್ಲಾ ಉಳೀತು. ಬೀಗರ ಕಾಟವೂ ಇಲ್ಲ. ಮೇಷ್ಟ್ರೇ, ಇದನ್ನ ನನ್ನ ಮಗನ ಮುಂದೆ ಮಾತ್ರ ಹೇಳ್ಬೇಡಿ!"