ಕಾರ್ಡ್ ಫೀ ಉಳಿಸೋಕೆ ಇನ್ನೂ 38 ಸಾವಿರ ಖರ್ಚು ಮಾಡಬೇಕಾ?

ತುಮಕೂರು_ಪ್ಯಾಸೆಂಜರ್:
ನನ್ನ ಕ್ರೆಡಿಟ್ ಕಾರ್ಡಿಗೆ ವರ್ಷಕ್ಕೆ 999 ರೂಪಾಯಿ ಫೀ, ಮೇಲೆ ಜಿಎಸ್‌ಟಿ. ವರ್ಷದಲ್ಲಿ 2 ಲಕ್ಷ ಖರ್ಚು ಮಾಡಿದರೆ ಫೀ ಮನ್ನಾ. ಆ್ಯಪ್ ತೆರೆದರೆ ಸಾಕು, ಮೇಲ್ಗಡೆಯೇ ಹಸಿರು ಪಟ್ಟಿ, 'ಇನ್ನು 38,000 ಮಾತ್ರ' ಅಂತ. ಮುಂದಿನ ತಿಂಗಳು ವರ್ಷ ಮುಗಿಯುತ್ತದೆ. ಮನೆಯ ಫ್ರಿಜ್ ಹಳೆಯದು (ಕೆಟ್ಟಿಲ್ಲ, ಸ್ವಲ್ಪ ಸದ್ದು ಮಾಡುತ್ತದೆ ಅಷ್ಟೆ). ನೋ ಕಾಸ್ಟ್ ಇಎಂಐನಲ್ಲಿ ಹೊಸದು ತಗೊಂಡುಬಿಟ್ಟರೆ ಫೀನೂ ಉಳಿಯುತ್ತದೆ ಅಲ್ವಾ? ಹೆಂಡತಿ ಬೇಡ ಅಂತಿದ್ದಾಳೆ.

ಲೆಕ್ಕದ_ಮೇಷ್ಟ್ರು:
ನಿಮ್ಮ ಮನೆಯವರು ಹೇಳಿದ್ದೇ ಸರಿ ಸಾರ್. 999ಕ್ಕೆ 18% ಸೇರಿಸಿ, 1,179 ರೂಪಾಯಿ ಆಗುತ್ತದೆ. ಅದನ್ನು ಉಳಿಸೋಕೆ 38 ಸಾವಿರದ ಸಾಮಾನು ತರ್ತೀರಾ? ಇನ್ನೊಂದು ವಿಷಯ, ಎಷ್ಟೋ ಕಾರ್ಡ್‌ಗಳಲ್ಲಿ ಇಎಂಐ, ಮನೆ ಬಾಡಿಗೆ, ವಾಲೆಟ್‌ಗೆ ಹಾಕಿದ ದುಡ್ಡು ಇವೆಲ್ಲ ಆ 2 ಲಕ್ಷದ ಲೆಕ್ಕಕ್ಕೇ ಬರುವುದಿಲ್ಲ, ಮೊದಲು ಷರತ್ತು ಓದಿ. ನೋ ಕಾಸ್ಟ್ ಅಂದರೂ ಬ್ಯಾಂಕ್ ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟೇ ಮೊತ್ತವನ್ನು ಮಾರುವವರು ರಿಯಾಯಿತಿ ಅಂತ ಕಳೆದು ತೋರಿಸುತ್ತಾರೆ. ಬಡ್ಡಿಯ ಮೇಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಫೀ ನಿಮ್ಮ ತಲೆಗೆ. ಸೊನ್ನೆ ಬಡ್ಡಿ ಅನ್ನೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು.

ತುಮಕೂರು_ಪ್ಯಾಸೆಂಜರ್:
ಈಗ ಷರತ್ತು ತೆರೆದು ನೋಡಿದೆ, ಇಎಂಐ ನಿಜವಾಗಿಯೂ ಲೆಕ್ಕಕ್ಕಿಲ್ಲ! ಅದನ್ನ ಆ ಹಸಿರು ಪಟ್ಟಿ ಪಕ್ಕದಲ್ಲೇ ಯಾಕೆ ಬರೆಯಲ್ಲ?

ಜಯನಗರ_4ನೇ_ಬ್ಲಾಕ್:
ಬರೆದರೆ ನೀವು ಫ್ರಿಜ್ ನೋಡ್ತಿದ್ರಾ? ನಾನು ಆ್ಯಪ್ ಡಿಸೈನ್ ಕೆಲಸದವಳು. ಪಟ್ಟಿ ತುಂಬುತ್ತಾ ಬಂದ ಹಾಗೆ ಜನ ಜಾಸ್ತಿ ಆತುರ ಪಡುತ್ತಾರೆ, ಅದಕ್ಕೇ 'ಆಗಲೇ 1,62,000 ಖರ್ಚಾಗಿದೆ' ಅನ್ನದೆ 'ಇನ್ನು 38,000 ಮಾತ್ರ' ಅಂತಾರೆ. ಕಾರ್ಡ್ ಖರ್ಚಿಗೆ ಬಹುಮಾನ ಅಂತ ಕೊಡುವ ಪಾಯಿಂಟ್ಸ್ ಆಟವೂ ಹಾಗೇ. 10,000 ಪಾಯಿಂಟ್ ಅಂದರೆ ದೊಡ್ಡ ಗಂಟು ಸಿಕ್ಕ ಹಾಗೆ ಕೇಳಿಸುತ್ತದೆ, ಒಂದಕ್ಕೆ 25 ಪೈಸೆ ಆದರೆ ಅದು ಬರೀ 2,500 ರೂಪಾಯಿ.

ಕಾರ್ಡ್ ಕೈಯಲ್ಲಿದ್ದರೇ ಮನಸ್ಸು ಸಡಿಲ ಆಗುತ್ತದೆ. ಅಮೆರಿಕದ ಎಂಐಟಿಯ ಪ್ರೆಲೆಕ್ ಮತ್ತು ಸಿಮೆಸ್ಟರ್ ಅನ್ನೋರು ಎಂಬಿಎ ವಿದ್ಯಾರ್ಥಿಗಳಿಗೆ ಬಾಸ್ಕೆಟ್‌ಬಾಲ್ ಟಿಕೆಟ್ ಹರಾಜು ಹಾಕಿದರು. ಕೆಲವರಿಗೆ ನಗದು ಕೊಡಬೇಕು ಅಂದರು, ಉಳಿದವರಿಗೆ ಕಾರ್ಡ್. ಕಾರ್ಡಿನವರು ಕೂಗಿದ ಬೆಲೆ ಸುಮಾರು ಎರಡು ಪಟ್ಟು. ಅದನ್ನು ಪ್ರಕಟಿಸಿದ್ದು 2001ರಲ್ಲಿ, ಆಗ ಇನ್ನೂ ಸ್ವೈಪ್ ಮಾಡಿ ಸಹಿ ಹಾಕುವ ಕಾಲ. ಈಗ ರುಪೇ ಕಾರ್ಡನ್ನು ಯುಪಿಐಗೆ ಜೋಡಿಸಿದರೆ ಅಂಗಡಿಯ ಕ್ಯೂಆರ್‌ಗೂ ಸಾಲದ ದುಡ್ಡೇ ಹೋಗುತ್ತದೆ, ಬೆಳಗ್ಗೆಯ ಇಡ್ಲಿ ಸಾಲದ್ದು ಅಂತ ಯಾರಿಗೆ ಅನ್ನಿಸುತ್ತದೆ ಹೇಳಿ.

ಶೆಟ್ರು_ಕುಂದಾಪುರ:
ಎಲ್ಲ ತಪ್ಪು ಕಾರ್ಡಿನದೇ ಅನ್ನೋದು ಅತಿಯಾಯ್ತು ಮೇಡಂ. ದಿನಸಿ, ಕರೆಂಟ್ ಬಿಲ್, ಬಸ್ ಟಿಕೆಟ್ ಎಲ್ಲ ನಾನು ಕಾರ್ಡಲ್ಲೇ ಕಟ್ಟೋದು, ಪೂರ್ತಿ ಬಿಲ್‌ಗೆ ಆಟೋಪೇ ಹಾಕಿದ್ದೇನೆ. ಇಲ್ಲಿವರೆಗೂ ಒಂದು ರೂಪಾಯಿ ಬಡ್ಡಿ ಕಟ್ಟಿಲ್ಲ, ಕ್ಯಾಶ್‌ಬ್ಯಾಕ್ ನನಗೇ.

ಜಯನಗರ_4ನೇ_ಬ್ಲಾಕ್:
ನಿಮ್ಮಂಥವರಿಗೆ ಚೆನ್ನಾಗಿಯೇ ಇದೆ ಶೆಟ್ರೇ. ಆದರೆ ಬಿಲ್ ಕಟ್ಟುವ ಸ್ಕ್ರೀನ್‌ನಲ್ಲಿ ಪೂರ್ತಿ ಮೊತ್ತದ ಪಕ್ಕದಲ್ಲೇ 'ಮಿನಿಮಮ್ ಡ್ಯೂ' ಅಂತ ಸಣ್ಣ ಮೊತ್ತ ಇರುತ್ತದಲ್ಲ, ಸಾಮಾನ್ಯವಾಗಿ 5% ಆಸುಪಾಸು, ಕೈ ಬಿಗಿ ಇರುವವನ ಕಣ್ಣು ಹೋಗೋದು ಅಲ್ಲಿಗೇ. ಅಷ್ಟು ಕಟ್ಟಿದರೆ ಲೇಟ್ ಫೀ ಬರಲ್ಲ, ಬಡ್ಡಿ ಮಾತ್ರ ಓಡುತ್ತಿರುತ್ತದೆ. ತಿಂಗಳಿಗೆ 3.5% ಅಂದರೆ ವರ್ಷಕ್ಕೆ 42%. ಅದೂ ಸಾಮಾನು ಕೊಂಡ ದಿನದಿಂದ. ಹೊಸದಾಗಿ ಕೊಂಡಿದ್ದಕ್ಕೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. 30%ಗಿಂತ ಜಾಸ್ತಿ ಹಾಕಬಾರದು ಅಂತ 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿತು.

ಹಳೇ_ಕಾಲ್‌ಸೆಂಟರ್:
ತುಮಕೂರಿನವರೇ, ಏನೂ ಕೊಳ್ಳಬೇಡಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಕಾರ್ಡ್ ಕ್ಲೋಸ್ ಮಾಡಿ ಅನ್ನಿ. ಎಷ್ಟೋ ಸಲ ಅವರೇ ಫೀ ಬಿಟ್ಟುಕೊಡುತ್ತಾರೆ, ಗಿರಾಕಿ ಕೈತಪ್ಪಬಾರದು ನೋಡಿ. ಬಿಡದಿದ್ದರೆ ನಿಜವಾಗಿಯೂ ಕ್ಲೋಸ್ ಮಾಡಿಸಿ. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನದೊಳಗೆ ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೇ ಕೊಡಬೇಕು. 2022ರ ರಿಸರ್ವ್ ಬ್ಯಾಂಕ್ ನಿಯಮ ಅದು. ಲಿಮಿಟ್ ಜಾಸ್ತಿ ಮಾಡ್ತೀವಿ ಅಂತ ಮಾತು ತಿರುಗಿಸಿದರೆ ಹೂಂ ಅನ್ನಬೇಡಿ.